ಬಾರದವರ ಲೆಕ್ಕ: ಕಟ್ಟಡಗಳೂ ವೃದ್ಧರ ಅನುಭವವೂ

ಒಂದು ಕಟ್ಟಡದ ಗುಣದೋಷಗಳನ್ನು ಹೇಳುವ ಅಧಿಕಾರ ಯಾರಿಗಿದೆ? ಕಟ್ಟಿಸಿದ ದಾನಿಗಳಿಗೆ, ನಕ್ಷೆ ಬರೆದ ವಾಸ್ತುಶಿಲ್ಪಿಗೆ, ಉದ್ಘಾಟನೆಯ ದಿನ ಬಂದು ಕೊಂಡಾಡಿ ಹೋಗುವ ಅತಿಥಿಗಳಿಗೆ ಆ ಅಧಿಕಾರವುಂಟೆಂದು ಲೋಕ ಒಪ್ಪಿಕೊಂಡಿದೆ. ಆದರೆ ಕಟ್ಟಡದೊಳಗೆ ದಿನದ ಬಹುಭಾಗವನ್ನು ಕಳೆಯುವವರು, ಅದರ ಪ್ರತಿಯೊಂದು ಮೆಟ್ಟಿಲನ್ನೂ ಹೊಸ್ತಿಲನ್ನೂ ತಮ್ಮ ಪಾದದಿಂದಲೇ ಅಳೆದು ಬಲ್ಲವರು ವೃದ್ಧರು. ಅವರ ಅಭಿಪ್ರಾಯವನ್ನು ಕೇಳುವ ಪದ್ಧತಿ ಮಾತ್ರ ಎಲ್ಲಿಯೂ ರೂಢಿಯಾಗಲಿಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 8.6 ಪಾಲು. ಇಷ್ಟು ಜನರ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಟ್ಟಿದ ಮನೆ, ಧರ್ಮಶಾಲೆ, ಪ್ರವಚನ ಮಂದಿರಗಳು ಹೊರನೋಟಕ್ಕೆ ಎಷ್ಟೇ ಭವ್ಯವಾಗಿದ್ದರೂ ಒಳಗಿನಿಂದ ಅಪೂರ್ಣವೇ ಸರಿ.

ವೃದ್ಧರು ಕಟ್ಟಡಗಳನ್ನು ಹೇಗೆ ಅನುಭವಿಸುತ್ತಾರೆ ಎಂಬುದನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡುವ ಪ್ರಯತ್ನಗಳು ಉತ್ತರ ಅಮೆರಿಕದಲ್ಲಿ 1950ರ ದಶಕದಿಂದ ನಡೆದುಬಂದಿವೆ. ಅವುಗಳಲ್ಲಿ ನಾಲ್ಕನ್ನು ಆರಿಸಿ, ಪ್ರತಿಯೊಂದೂ ಕಂಡದ್ದೇನು, ಕಾಣದೆ ಬಿಟ್ಟದ್ದೇನು ಎಂದು ವಿಮರ್ಶಿಸುವುದು ಈ ಲೇಖನದ ಉದ್ದೇಶ. ಈ ವಿಮರ್ಶೆ ಪಾಂಡಿತ್ಯದ ಹವ್ಯಾಸಕ್ಕಾಗಿ ಅಲ್ಲ. ಜೀರ್ಣೋದ್ಧಾರ ಕೈಗೊಳ್ಳುವ ಆಡಳಿತ ಮಂಡಳಿಗಳೂ ಹೊಸ ಮನೆ ಕಟ್ಟಿಸುವ ಶ್ರಾವಕ ಕುಟುಂಬಗಳೂ ಇದೇ ಪ್ರಶ್ನೆಯನ್ನು ಎದುರಿಸುತ್ತಿವೆ. ಇದೇ ತಪ್ಪುಗಳು ಅಲ್ಲಿಯೂ ಆಗುವ ಸಂಭವವಿದೆ.

ಮೊದಲನೆಯದು ಕೆನಡಾ ದೇಶದ ಸಸ್ಕಾಚೆವನ್ ಪ್ರಾಂತ್ಯದ ವೇಬರ್ನ್ ಎಂಬಲ್ಲಿದ್ದ ಮಾನಸಿಕ ಆಸ್ಪತ್ರೆಯ ಪ್ರಯೋಗ. ಅಲ್ಲಿನ ಮುಖ್ಯಾಧಿಕಾರಿ ಹಂಫ್ರಿ ಆಸ್ಮಂಡ್ ಅವರ ಕಾಲದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಸೋಮರ್ ವೃದ್ಧೆಯರ ವಾರ್ಡೊಂದನ್ನು ಗಮನಿಸಿದರು. ಕೊಠಡಿ ಚೊಕ್ಕಟವಾಗಿತ್ತು, ಕುರ್ಚಿಗಳೂ ಚೆನ್ನಾಗಿದ್ದವು. ಆದರೂ ಅಲ್ಲಿ ಕುಳಿತವರು ಪರಸ್ಪರ ಮಾತನಾಡುತ್ತಿರಲಿಲ್ಲ. ಕಾರಣ ಸರಳವಾಗಿತ್ತು. ಗುಡಿಸಿ ಒರೆಸುವ ಅನುಕೂಲಕ್ಕಾಗಿ ಕುರ್ಚಿಗಳನ್ನೆಲ್ಲ ಗೋಡೆಗೆ ತಾಗಿಸಿ ಸಾಲಾಗಿ ಇಡಲಾಗಿತ್ತು. ಪಕ್ಕದವರ ಮುಖ ನೋಡಬೇಕಾದರೆ ಕುತ್ತಿಗೆ ತಿರುಗಿಸಬೇಕು. ಎದುರಿನವರೊಡನೆ ಮಾತನಾಡಬೇಕಾದರೆ ಕೂಗಬೇಕು. ಸೋಮರ್ ಚೌಕ ಮೇಜುಗಳನ್ನು ತರಿಸಿ ಅವುಗಳ ಸುತ್ತ ಕುರ್ಚಿಗಳನ್ನು ಹಾಕಿಸಿದರು. ಕೆಲವು ವಾರಗಳ ನಂತರ ಎಣಿಸಿ ನೋಡಿದಾಗ ಸಂಭಾಷಣೆಗಳು ಗಣನೀಯವಾಗಿ ಹೆಚ್ಚಿದ್ದವು. ಹ್ಯೂಗೋ ರಾಸ್ ಅವರೊಂದಿಗೆ ಬರೆದ ವರದಿ 1958ರಲ್ಲಿ ಪ್ರಕಟವಾಯಿತು.

ಈ ಪ್ರಯೋಗದ ಹಿರಿಮೆ ಅಲ್ಪವಲ್ಲ. ಮುಪ್ಪಿನ ಲಕ್ಷಣವೆಂದು ಎಲ್ಲರೂ ನಂಬಿದ್ದ ಮೌನ, ವಾಸ್ತವವಾಗಿ ಕುರ್ಚಿ ಜೋಡಣೆಯ ಫಲವಾಗಿತ್ತೆಂದು ಅದು ತೋರಿಸಿಕೊಟ್ಟಿತು. ಆದರೆ ಅದರಲ್ಲೊಂದು ಕೊರತೆಯೂ ಇದೆ. ಹೊಸ ವ್ಯವಸ್ಥೆ ಆರಂಭದಲ್ಲಿ ಅಲ್ಲಿದ್ದವರಿಗೆ ಹಿಡಿಸಲಿಲ್ಲ. ಕುರ್ಚಿಗಳು ಮತ್ತೆ ಮತ್ತೆ ಗೋಡೆಯ ಕಡೆಗೇ ಹೋಗುತ್ತಿದ್ದವು. ಅದನ್ನು ಸಂಶೋಧಕರು ಅಭ್ಯಾಸಬಲವೆಂದು ಬಗೆದು ದಾಟಿದರು. ಅಭ್ಯಾಸಬಲವಿದ್ದಿರಬಹುದು. ಬೆನ್ನಿಗೆ ಗೋಡೆಯಿದ್ದರೆ ದೊರೆಯುವ ನೆಮ್ಮದಿಯೂ, ಬಾಗಿಲಿನತ್ತ ಕಣ್ಣಿಟ್ಟು ಕೂರುವ ಆಸೆಯೂ ಇದ್ದಿರಬಹುದು. ಎಣಿಕೆಯ ಪಟ್ಟಿಯಲ್ಲಿ ಎಷ್ಟು ಮಾತು ನಡೆಯಿತೆಂಬುದಕ್ಕೆ ಅಂಕಣವಿತ್ತು. ಆ ಮಾತು ಅವರಿಗೆ ಬೇಕಾಗಿತ್ತೇ ಎಂಬುದಕ್ಕೆ ಅಂಕಣವಿರಲಿಲ್ಲ.

ಎರಡನೆಯದು ಫಿಲಡೆಲ್ಫಿಯಾದ ಎಂ. ಪೊವೆಲ್ ಲಾಟನ್ ಅವರ ಜೀವಮಾನದ ಕಾರ್ಯ. 1973ರಲ್ಲಿ ಲೂಸಿಲ್ ನಹೆಮೋ ಅವರೊಂದಿಗೆ ಅವರು ಮಂಡಿಸಿದ ಸಿದ್ಧಾಂತದ ಸಾರವಿಷ್ಟು: ತೊಂದರೆಯು ವ್ಯಕ್ತಿಯಲ್ಲಿಯೂ ಇಲ್ಲ, ಕಟ್ಟಡದಲ್ಲಿಯೂ ಇಲ್ಲ, ವ್ಯಕ್ತಿಯ ಶಕ್ತಿಗೂ ಪರಿಸರವು ಆತನಿಂದ ಬೇಡುವ ಶ್ರಮಕ್ಕೂ ಇರುವ ಅಂತರದಲ್ಲಿದೆ. ಶಕ್ತಿ ಕುಂದಿದಷ್ಟೂ ಮನುಷ್ಯ ಪರಿಸರಕ್ಕೆ ಹೆಚ್ಚು ಅಧೀನನಾಗುತ್ತಾನೆ. ಯುವಕನಿಗೆ ಗಮನಕ್ಕೂ ಬಾರದ ಅರ್ಧ ಅಂಗುಲದ ಏರುಪೇರು ವೃದ್ಧನಿಗೆ ಇಡೀ ದಿನದ ಸಂಚಾರವನ್ನೇ ನಿರ್ಧರಿಸುವ ಸಂಗತಿಯಾಗುತ್ತದೆ. ಸಿದ್ಧಾಂತದ ಇನ್ನೊಂದು ಮುಖವೂ ಗಮನಾರ್ಹ. ಪರಿಸರವು ಏನನ್ನೂ ಬೇಡದಿದ್ದರೆ ಅದೂ ಕೇಡೇ. ಎಲ್ಲವನ್ನೂ ಕುಳಿತಲ್ಲಿಗೇ ತಂದುಕೊಡುವ ಮನೆಯಲ್ಲಿ ವೃದ್ಧರ ಉಳಿದ ಶಕ್ತಿಯೂ ಬಳಕೆಯಿಲ್ಲದೆ ಸವೆದುಹೋಗುತ್ತದೆ. ತಂದೆತಾಯಿಯನ್ನು ಭಕ್ತಿಯಿಂದ ಮೂಲೆಯ ಕೋಣೆಯಲ್ಲಿ ಕೂರಿಸುವ ಮಕ್ಕಳು ಈ ಮಾತನ್ನು ಎರಡು ಬಾರಿ ಓದಬೇಕು.

ಲಾಟನ್ ಸಿದ್ಧಾಂತದಲ್ಲೇ ನಿಲ್ಲಲಿಲ್ಲ. ನೆನಪಿನ ಶಕ್ತಿ ಕಳೆದುಕೊಂಡ ವೃದ್ಧರಿಗಾಗಿ ಫಿಲಡೆಲ್ಫಿಯಾದ ವೃದ್ಧಾರೋಗ್ಯ ಕೇಂದ್ರದಲ್ಲಿ 1974ರಲ್ಲಿ ತೆರೆದ ಕಟ್ಟಡದ ವಿನ್ಯಾಸದಲ್ಲಿ ಅವರು ಪಾಲ್ಗೊಂಡರು. ಉದ್ದನೆಯ ಓಣಿಯ ಇಕ್ಕೆಲಗಳಲ್ಲಿ ಕೋಣೆಗಳನ್ನು ಸಾಲಾಗಿಡುವ ರೂಢಿಯನ್ನು ಅಲ್ಲಿ ಕೈಬಿಟ್ಟು, ನಡುವೆ ವಿಶಾಲವಾದ ಬಯಲು ಸ್ಥಳವನ್ನಿಟ್ಟು ಸುತ್ತಲೂ ಕೋಣೆಗಳನ್ನು ಜೋಡಿಸಲಾಯಿತು. ಬಾಗಿಲು ದಾಟಿದೊಡನೆ ಊಟದ ಜಾಗ, ಜನ, ಚಟುವಟಿಕೆ ಎಲ್ಲವೂ ಕಣ್ಣಿಗೆ ಬೀಳಬೇಕು. ದಾರಿಯನ್ನು ನೆನಪಿಡುವ ಹೊರೆ ಇರಬಾರದೆಂಬುದು ಉದ್ದೇಶ. ಹಳೆಯ ತೊಟ್ಟಿಮನೆಯಲ್ಲಿ ಬಾಳಿದವರಿಗೆ ಈ ಯುಕ್ತಿ ಅಪರಿಚಿತವಲ್ಲ. ಅಲ್ಲಿನ ನಡುಅಂಗಳವೂ ವೃದ್ಧರಿಗೆ ಇದೇ ಉಪಕಾರವನ್ನು ಮಾಡುತ್ತಿತ್ತು. ಆದರೂ ಲಾಟನ್ ಅವರ ಪದ್ಧತಿಯ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಶಕ್ತಿ, ಶ್ರಮ ಎಂಬ ಎರಡು ಮಾನಗಳನ್ನೂ ಬಹುಮಟ್ಟಿಗೆ ಹೊರಗಿನವರೇ ನಿಂತು ಅಳೆಯುತ್ತಾರೆ. ತೂಕದ ಬಟ್ಟು ಸರಿಯಾಗಿದ್ದರೂ ತಕ್ಕಡಿ ಹಿಡಿದ ಕೈ ಯಾರದೆಂಬ ಪ್ರಶ್ನೆ ಇದ್ದೇ ಇರುತ್ತದೆ.

ಮೂರನೆಯ ದಾರಿಯನ್ನು ಹಿಡಿದವರು ಅಮೆರಿಕದ ವಿನ್ಯಾಸಕಿ ಪೆಟ್ರೀಷಿಯಾ ಮೂರ್. 1979ರಿಂದ 1982ರವರೆಗೆ, ಇನ್ನೂ ಮೂವತ್ತರ ಒಳಗಿನ ಪ್ರಾಯದಲ್ಲಿ, ಅವರು ಎಂಬತ್ತು ದಾಟಿದ ಮುದುಕಿಯ ವೇಷ ಧರಿಸಿ ಅಮೆರಿಕ ಮತ್ತು ಕೆನಡಾಗಳ ನೂರಕ್ಕೂ ಹೆಚ್ಚು ಊರುಗಳಲ್ಲಿ ಸಂಚರಿಸಿದರು. ದೃಷ್ಟಿ ಮಂಜಾಗಿಸುವ ಕನ್ನಡಕ, ಕಿವಿಗೆ ಬಿರಡೆ, ಕೀಲುಗಳು ಮಡಿಸದಂತೆ ಪಟ್ಟಿ. ಬಾಗಿಲು, ಬಸ್ಸು, ಅಂಗಡಿ, ಬೀದಿಗಳು ವೃದ್ಧೆಯೊಬ್ಬಳನ್ನು ಹೇಗೆ ನಡೆಸಿಕೊಳ್ಳುತ್ತವೆಂದು ಅವರು ತಮ್ಮ ಮೈಯಿಂದಲೇ ತಿಳಿದರು. 1985ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಇಂದು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯದಲ್ಲಿ ಇದೇ ಉದ್ದೇಶದ ಉಡುಪೊಂದಿದೆ. ಅದನ್ನು ತೊಟ್ಟ ವಿದ್ಯಾರ್ಥಿಗೆ ಮೆಟ್ಟಿಲು ಹತ್ತುವುದೂ ಕಪಾಟಿನ ಮೇಲಿನ ವಸ್ತು ತೆಗೆಯುವುದೂ ಪ್ರಯಾಸವಾಗುತ್ತದೆ.

ಈ ದಾರಿಯಲ್ಲಿ ಸಹಾನುಭೂತಿಯಿದೆ, ಧೈರ್ಯವಿದೆ. ಯುವ ವಾಸ್ತುಶಿಲ್ಪಿಗೆ ಒಂದು ಗಂಟೆ ಇಂಥ ಉಡುಪು ತೊಡಿಸುವುದು ಹತ್ತು ಉಪನ್ಯಾಸಗಳಿಗಿಂತ ಮೇಲು. ಆದರೆ ವೇಷವನ್ನು ರಾತ್ರಿ ಕಳಚಿಡಬಹುದು, ಮುಪ್ಪನ್ನು ಕಳಚಿಡಲಾಗದು. ಬಿದ್ದರೆ ಮತ್ತೆ ಏಳಲಾರೆನೆಂಬ ಭಯ, ಮಗ ಸೊಸೆಗೆ ಹೊರೆಯಾದೇನೆಂಬ ಸಂಕೋಚ, ಇದೇ ಜಗುಲಿಯಲ್ಲಿ ಐವತ್ತು ವರ್ಷ ಕುಳಿತ ನೆನಪು ಇವಾವುವೂ ಉಡುಪಿನೊಳಗೆ ಹೊಲಿಯಬರುವಂಥವಲ್ಲ. ಇನ್ನೊಂದು ಮಾತು: ವೃದ್ಧರು ವರ್ಷಗಟ್ಟಲೆ ಕಲಿತ ಉಪಾಯಗಳಿಂದ ತಮ್ಮ ಕೊರತೆಯನ್ನು ತುಂಬಿಕೊಂಡಿರುತ್ತಾರೆ. ಕಂಬವನ್ನು ಎಲ್ಲಿ ಹಿಡಿಯಬೇಕು, ಯಾವ ಮೆಟ್ಟಿಲಲ್ಲಿ ಉಸಿರು ಬಿಡಬೇಕು ಎಂಬುದು ಅವರಿಗೆ ಗೊತ್ತು. ವೇಷಧಾರಿಗೆ ಕೊರತೆ ಮಾತ್ರ ದೊರೆಯುತ್ತದೆ, ಆ ಜಾಣ್ಮೆ ದೊರೆಯುವುದಿಲ್ಲ.

ನಾಲ್ಕನೆಯದು ಭೂಗೋಳಶಾಸ್ತ್ರಜ್ಞ ಗ್ರಹಾಂ ರೌಲ್ಸ್ ಅವರ ಕೃತಿ. 1978ರಲ್ಲಿ ಪ್ರಕಟವಾದ ಅವರ ಗ್ರಂಥದ ಶೀರ್ಷಿಕೆಯನ್ನು 'ಸ್ಥಳದ ಸೆರೆಯಾಳುಗಳೇ?' ಎಂದು ಕನ್ನಡಿಸಬಹುದು. ಆ ಪ್ರಶ್ನಾರ್ಥಕ ಚಿಹ್ನೆಯಲ್ಲಿಯೇ ಗ್ರಂಥದ ಸ್ವಾರಸ್ಯವಿದೆ. ಮುಪ್ಪು ಬಂದಂತೆ ಮನುಷ್ಯನ ಪ್ರಪಂಚ ಕುಗ್ಗುತ್ತದೆ, ಕೊನೆಗೆ ಅವನು ತನ್ನ ಕೋಣೆಯ ಕೈದಿಯಾಗುತ್ತಾನೆ ಎಂಬುದು ಅಂದಿನ ಪಂಡಿತರ ತಿಳಿವಳಿಕೆಯಾಗಿತ್ತು. ರೌಲ್ಸ್ ಪ್ರಶ್ನಾವಳಿಗಳನ್ನು ಬದಿಗಿಟ್ಟು, ಅಮೆರಿಕದ ನಗರವೊಂದರ ಹಳೆಯ ಬಡಾವಣೆಯಲ್ಲಿ ಐವರು ವೃದ್ಧರೊಂದಿಗೆ ದೀರ್ಘಕಾಲ ಒಡನಾಡಿದರು. ಅವರ ಮಾತನ್ನು ಅವರ ರೀತಿಯಲ್ಲೇ ಕೇಳಿದರು. ಆಗ ಕಂಡ ಚಿತ್ರವೇ ಬೇರೆ. ಕಾಲಿನ ಸಂಚಾರ ಕಡಿಮೆಯಾಗಿತ್ತು, ನಿಜ. ಆದರೆ ನಡೆದಾಟವು ಸ್ಥಳದ ಅನುಭವದ ಒಂದು ಬಗೆ ಮಾತ್ರ. ದಿಕ್ಕುದಾರಿಗಳ ಅರಿವು, ಸ್ಥಳದ ಬಗೆಗಿನ ಭಾವನೆ, ಕಲ್ಪನೆ ಎಂಬ ಇನ್ನೂ ಮೂರು ಬಗೆಗಳನ್ನು ಅವರು ಗುರುತಿಸಿದರು. ದೂರದ ಊರಿನಲ್ಲಿರುವ ಮಕ್ಕಳ ಮನೆಗೂ ಗತಿಸಿದ ಕಾಲದ ಬೀದಿಗೂ ವೃದ್ಧರು ಮನಸ್ಸಿನಿಂದ ದಿನವೂ ಹೋಗಿಬರುತ್ತಿದ್ದರು.

ಮುಂದೆ ಅಪಲೇಚಿಯನ್ ಗುಡ್ಡಗಾಡಿನ ವೃದ್ಧರನ್ನು ಅಭ್ಯಾಸ ಮಾಡಿ, 1981ರಲ್ಲಿ ರೌಲ್ಸ್ ಒಂದು ಮಹತ್ವದ ಸಂಗತಿಯನ್ನು ಎತ್ತಿ ತೋರಿಸಿದರು. ಮನೆ ಬಿಟ್ಟು ಹೊರಡಲಾಗದವರಿಗೆ ಕಿಟಕಿಯಿಂದ ಕಾಣುವಷ್ಟು ಜಾಗ ವಿಶೇಷವಾದ ಬೆಲೆಯುಳ್ಳದ್ದಾಗುತ್ತದೆ. ಅದನ್ನು ಅವರು 'ಕಣ್ಗಾವಲಿನ ವಲಯ' ಎಂಬರ್ಥದ ಹೆಸರಿನಿಂದ ಕರೆದರು. ಅಲ್ಲಿ ಯಾರು ಹೋದರು, ಯಾರು ಬಂದರು ಎಂಬುದನ್ನು ವೃದ್ಧರು ನೋಡುತ್ತಾರೆ. ನೆರೆಯವರೂ ಕಿಟಕಿಯತ್ತ ನೋಡಿ, ಹಿರಿಯರು ಕ್ಷೇಮವೆಂದು ತಿಳಿಯುತ್ತಾರೆ. ಕನ್ನಡನಾಡಿನ ಮನೆಯ ಜಗುಲಿ ಇದೇ ಕೆಲಸವನ್ನು ಕಿಟಕಿಗಿಂತ ಚೆನ್ನಾಗಿ ಮಾಡುತ್ತಿತ್ತು. ಅದು ಮನೆಯ ಒಳಗೂ ಹೌದು, ಬೀದಿಯೂ ಹೌದು. ಹೊಸ ಮನೆಯ ನಕ್ಷೆಯಲ್ಲಿ ಜಗುಲಿ ಹೋಗಿ ವಾಹನದ ನಿಲುಗಡೆ ಬಂದಾಗ, ಚದರಡಿಯ ಲೆಕ್ಕದಲ್ಲಿ ನಷ್ಟವೇನೂ ಕಾಣುವುದಿಲ್ಲ. ಅಜ್ಜನ ಇಡೀ ಲೋಕ ಹೋಗಿರುತ್ತದೆ.

ನಾಲ್ಕರಲ್ಲಿ ರೌಲ್ಸ್ ಅವರ ಕಾರ್ಯವೇ ವೃದ್ಧರಿಗೆ ಅತಿ ಸಮೀಪವಾದುದೆಂಬುದರಲ್ಲಿ ಸಂದೇಹವಿಲ್ಲ. ಹಾಗೆಂದು ಅದು ನಿರ್ದೋಷವಲ್ಲ. ಐವರ ಅನುಭವದಿಂದ ಎಲ್ಲರ ಮಾತನ್ನೂ ಹೇಳಲಾಗದು. ಮೆಟ್ಟಿಲಿನ ಎತ್ತರವೆಷ್ಟಿರಬೇಕು, ದೀಪವೆಲ್ಲಿರಬೇಕು ಎಂದು ಕೇಳುವ ಎಂಜಿನಿಯರನಿಗೆ ಆ ಗ್ರಂಥದಲ್ಲಿ ಉತ್ತರವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾತನಾಡಲು ಒಪ್ಪಿದವರ ಮಾತು ಮಾತ್ರ ಅಲ್ಲಿ ದಾಖಲಾಗಿದೆ.

ಎಣಿಸಿದವರು ಒಂದು ಮುಖವನ್ನು ಕಂಡರು, ಅಳೆದವರು ಇನ್ನೊಂದನ್ನು, ವೇಷ ತೊಟ್ಟವರು ಮತ್ತೊಂದನ್ನು, ಆಲಿಸಿದವರು ಮಗದೊಂದನ್ನು. ಅನೇಕಾಂತದ ದೃಷ್ಟಿಯುಳ್ಳವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಪ್ರತಿಯೊಂದೂ ಒಂದು ನಯ, ಪೂರ್ಣ ಪ್ರಮಾಣವಲ್ಲ. ಆದರೆ ನಾಲ್ಕನ್ನು ಕೂಡಿಸಿದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ವ್ಯಾಪಾರಿಗಳು ಬೇಗನೆ ಗುರುತಿಸಬಲ್ಲರು. ಅಂಗಡಿಯ ಖಾತೆಪುಸ್ತಕದಲ್ಲಿ ಬಂದ ಗಿರಾಕಿಯ ಹೆಸರಿರುತ್ತದೆ. ಬರುವುದನ್ನು ನಿಲ್ಲಿಸಿದ ಗಿರಾಕಿಯ ಹೆಸರು ಯಾವ ಪುಟದಲ್ಲಿಯೂ ಇರುವುದಿಲ್ಲ. ವರ್ಷದ ಕೊನೆಯಲ್ಲಿ ಜಮಾ ಖರ್ಚು ಸರಿಹೊಂದಿದರೂ ಆ ನಷ್ಟ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಕಟ್ಟಡಗಳ ವಿಷಯದಲ್ಲಿಯೂ ಹೀಗೆಯೇ. ಕಟ್ಟಡದೊಳಗೆ ನಿಂತು ಅಭ್ಯಾಸ ಮಾಡುವವರಿಗೆ ಬಂದವರು ಕಾಣುತ್ತಾರೆ. ಎರಡು ವರ್ಷದ ಹಿಂದೆಯೇ ಆ ಮೆಟ್ಟಿಲಿಗೆ ಹೆದರಿ ಮನೆಯಲ್ಲಿ ಉಳಿದವರು ಕಾಣುವುದಿಲ್ಲ. ಕಟ್ಟಡದ ಕುರಿತು ಅತ್ಯಂತ ಬೆಲೆಬಾಳುವ ಸಾಕ್ಷ್ಯ ಹೇಳಬಲ್ಲವರು ಅವರೇ.

ಬಂದವರನ್ನು ಕೇಳಿದರೂ ಸತ್ಯ ಸುಲಭವಾಗಿ ಹೊರಬೀಳದು. "ನನಗೇನೂ ತೊಂದರೆಯಿಲ್ಲಪ್ಪ, ನಡೆಯುತ್ತದೆ" ಎಂಬುದು ಹಿರಿಯರ ಸಾಮಾನ್ಯ ಉತ್ತರ. ಅದು ಸಂತೃಪ್ತಿಯ ಮಾತೂ ಆಗಿರಬಹುದು, ದಾಕ್ಷಿಣ್ಯದ ಮಾತೂ ಆಗಿರಬಹುದು. ಕೇಳುವವರು ಪಕ್ಕದಲ್ಲಿ ಮಗನನ್ನೋ ಮಂಡಳಿಯ ಅಧ್ಯಕ್ಷರನ್ನೋ ನಿಲ್ಲಿಸಿಕೊಂಡು ಕೇಳಿದರೆ ಬೇರೆ ಉತ್ತರ ಬರುವುದಾದರೂ ಹೇಗೆ? ಹಿರಿಯರ ಮೌನವನ್ನು ಒಪ್ಪಿಗೆಯೆಂದು ಜಮೆ ಮಾಡಿಕೊಳ್ಳುವುದು ಲೆಕ್ಕದ ತಪ್ಪು ಮಾತ್ರವಲ್ಲ, ನೀತಿಯ ತಪ್ಪೂ ಹೌದು.

ಈ ಬೆಳಕಿನಲ್ಲಿ ಬಸದಿಯ ಕಡೆಗೆ ತಿರುಗಿ ನೋಡಬಹುದು. 20 ವರ್ಷದವರ ಅಕ್ಷಿಪಟಲಕ್ಕೆ ತಲಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ 60 ವರ್ಷದವರ ಅಕ್ಷಿಪಟಲಕ್ಕೆ ತಲಪುತ್ತದೆಂದು ನೇತ್ರಶಾಸ್ತ್ರ ಹೇಳುತ್ತದೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲೂ ವಯಸ್ಸಾದ ಕಣ್ಣಿಗೆ ಹೆಚ್ಚು ಹೊತ್ತು ಬೇಕು. 1430ರಲ್ಲಿ ನಿರ್ಮಾಣವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ಪ್ರಾಚೀನ ಮಂದಿರಗಳಲ್ಲಿ ಬಿಸಿಲಿನ ಪ್ರಾಕಾರದಿಂದ ಮಂಟಪಗಳ ಮೂಲಕ ಗರ್ಭಗೃಹದ ಮಬ್ಬಿಗೆ ಸಾಗುವುದೇ ಒಂದು ಸಂಸ್ಕಾರ. ಆ ಕತ್ತಲೆ ದೋಷವಲ್ಲ, ಅದು ಮನಸ್ಸನ್ನು ಒಳಮುಖವಾಗಿಸುತ್ತದೆ. ಅದರೊಳಗೆ ಕಾಣದೆ ಹುದುಗಿರುವ ಹೊಸ್ತಿಲು ಮಾತ್ರ ಅಪಾಯ. ಬಸದಿಯನ್ನೇ ಬೆಳಗಿಸಬೇಕಾಗಿಲ್ಲ, ಹೊಸ್ತಿಲ ಬಳಿ ಒಂದು ಸಣ್ಣ ದೀಪ, ಬಾಗಿಲಲ್ಲಿ ಕ್ಷಣಕಾಲ ನಿಲ್ಲಲು ಒಂದು ಆಸರೆ ಸಾಕು. ಹೊಸ ಮಂದಿರಗಳಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯಿದೆ. ಕನ್ನಡಿಯಂತೆ ಹೊಳಪು ಕೊಟ್ಟ ಗ್ರಾನೈಟ್ ನೆಲದಲ್ಲಿ ದೀಪಗಳ ಪ್ರತಿಬಿಂಬ ಕಣ್ಣು ಕುಕ್ಕುತ್ತದೆ. ಒಂದೇ ಬಣ್ಣದ ಮೆಟ್ಟಿಲುಗಳ ಅಂಚು ಬೇರೆಯಾಗಿ ಕಾಣುವುದಿಲ್ಲ. ಅಭಿಷೇಕದ ನೀರು ಹರಿದಾಗ ಬರಿಗಾಲು ಜಾರುತ್ತದೆ. ದಾನಿಗಳ ಔದಾರ್ಯವೇ ವೃದ್ಧರ ಭಯಕ್ಕೆ ಕಾರಣವಾಗುವುದು ವಿಷಾದದ ಸಂಗತಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಸಭಾಭವನಗಳ ಮೆಟ್ಟಿಲಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಪಾದವಿಡುವ ಅಗಲ 300 ಮಿಲಿಮೀಟರಿಗೆ ಕಡಿಮೆಯಿರಬಾರದು ಎನ್ನುತ್ತದೆ. ಇಷ್ಟನ್ನು ಪಾಲಿಸಲು ಹೆಚ್ಚಿನ ಖರ್ಚೇನೂ ಇಲ್ಲ.

ಇಲ್ಲಿ ಧರ್ಮಶ್ರದ್ಧೆಯುಳ್ಳವರು ಎರಡು ಆಕ್ಷೇಪಗಳನ್ನೆತ್ತಬಹುದು, ಅವನ್ನು ಲಘುವಾಗಿ ಕಾಣುವಂತಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡೆದ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತುವುದರಲ್ಲಿಯೇ ಪುಣ್ಯವಿದೆ. ಕಷ್ಟವನ್ನು ತೆಗೆದರೆ ತಪಸ್ಸನ್ನೇ ತೆಗೆದಂತಲ್ಲವೇ ಎಂಬುದು ಮೊದಲನೆಯದು. ತಪಸ್ಸು ಸ್ವಇಚ್ಛೆಯಿಂದ ಕೈಗೊಳ್ಳುವಂಥದು. ಬೆಟ್ಟದ ಮೆಟ್ಟಿಲನ್ನು ಯಾತ್ರಿಕನು ಸಂಕಲ್ಪ ಮಾಡಿ ಹತ್ತುತ್ತಾನೆ. ಆಗದವರಿಗೆ ಡೋಲಿಯ ಏರ್ಪಾಡನ್ನೂ ಪರಂಪರೆಯೇ ಒಪ್ಪಿದೆ. ಊರಿನ ಬಸದಿಯ ಕೈಕಾಲು ತೊಳೆಯುವ ಕಟ್ಟೆಯ ಬಳಿ ಹಿಡಿಕೆಯಿಲ್ಲದಿರುವುದು ಯಾರ ಸಂಕಲ್ಪವೂ ಅಲ್ಲ, ಕೇವಲ ಅಲಕ್ಷ್ಯ. ಪ್ರಮಾದವು ಹಿಂಸೆಯ ಮೂಲವೆಂದು ಆಚಾರ್ಯರು ಬೋಧಿಸಿದ್ದಾರೆ. ನೆಲವನ್ನು ನೋಡಿ ಎಚ್ಚರದಿಂದ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯನ್ನು ಕೊಂಡಾಡುವ ಸಮಾಜವು, ನೆಲವೇ ಕಾಣದಂತೆ ಕಟ್ಟಿ ವೃದ್ಧರನ್ನು ನಡೆಸುವುದು ಯುಕ್ತವೇ?

ಎರಡನೆಯ ಆಕ್ಷೇಪ ಪ್ರಾಚೀನತೆಯದು. ಸಂರಕ್ಷಿತ ಸ್ಮಾರಕಗಳನ್ನು ಇಚ್ಛೆಬಂದಂತೆ ಮಾರ್ಪಡಿಸುವಂತಿಲ್ಲ, ಮಾರ್ಪಡಿಸಲೂಬಾರದು. ಆದರೆ ಎತ್ತಿಡಬಹುದಾದ ಮರದ ಪೀಠ, ಜಾರದ ನಾರಿನ ಹಾಸು, ಪ್ರವಚನದ ವೇಳೆ ಬೆನ್ನಿಗೆ ಆಸರೆಯಿರುವ ನಾಲ್ಕು ಕುರ್ಚಿ, ಕಲ್ಲಿನ ಮಂಟಪದಲ್ಲಿ ಪ್ರತಿಧ್ವನಿಸಿ ಅಸ್ಪಷ್ಟವಾಗುವ ಧ್ವನಿವರ್ಧಕದ ಸದ್ದನ್ನು ತಗ್ಗಿಸುವುದು ಇವುಗಳಿಂದ ಯಾವ ಶಿಲೆಗೂ ಧಕ್ಕೆಯಿಲ್ಲ. ಕುರ್ಚಿಗಳನ್ನು ಹಿಂದಿನ ಗೋಡೆಗೆ ಸಾಲಾಗಿ ತಳ್ಳದೆ ಕುಟುಂಬದವರ ಪಕ್ಕದಲ್ಲೇ ಇಡಬೇಕೆಂಬುದನ್ನು ವೇಬರ್ನಿನ ವೃದ್ಧೆಯರು ಕಲಿಸಿಕೊಟ್ಟಿದ್ದಾರೆ. ಅದೂ ಅವರವರನ್ನು ಕೇಳಿದ ಮೇಲೆ.

ಹಾಗಾದರೆ ಆಡಳಿತ ಮಂಡಳಿಗಳು ಮಾಡಬೇಕಾದುದೇನು? ದೊಡ್ಡ ಸಮೀಕ್ಷೆಯ ಅಗತ್ಯವಿಲ್ಲ. ಜೀರ್ಣೋದ್ಧಾರದ ನಕ್ಷೆ ಅಂಗೀಕರಿಸುವ ಮುನ್ನ ಒಬ್ಬ ಹಿರಿಯ ಶ್ರಾವಿಕೆಯೊಂದಿಗೆ ಬೀದಿಯಿಂದ ಗರ್ಭಗೃಹದವರೆಗೆ ಅವರ ವೇಗದಲ್ಲಿಯೇ ನಡೆಯಬೇಕು. ಎಲ್ಲಿ ನಿಂತರು, ಏನನ್ನು ಹಿಡಿದರು, ಯಾವ ಕಡೆಗೆ ಹೋಗಲಿಲ್ಲ ಎಂಬುದನ್ನು ಬರೆದುಕೊಳ್ಳಬೇಕು. ಹಿಂದೆ ದಿನವೂ ದರ್ಶನಕ್ಕೆ ಬರುತ್ತಿದ್ದು ಈಗ ಬಾರದವರ ಪಟ್ಟಿಯನ್ನು ಅರ್ಚಕರ ಸಹಾಯದಿಂದ ಸಿದ್ಧಪಡಿಸಿ, ಅವರ ಮನೆಗೆ ಹೋಗಿ, ಅವರೊಬ್ಬರನ್ನೇ ಸಾವಧಾನವಾಗಿ ಕೇಳಬೇಕು. ಅವರ ಮಾತನ್ನು ಅವರ ಶಬ್ದಗಳಲ್ಲಿಯೇ ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಕೆಲಸ ಮುಗಿದು ಒಂದು ವರ್ಷವಾದ ಮೇಲೆ ಅದೇ ಪಟ್ಟಿಯನ್ನು ಹಿಡಿದು ಎಷ್ಟು ಮಂದಿ ಮರಳಿ ಬಂದರೆಂದು ನೋಡಬೇಕು. ಮನೆಗಳಲ್ಲಿಯೂ ಇದೇ ಕ್ರಮ: ಹಿರಿಯರ ಕೋಣೆ ಎಲ್ಲಿರಬೇಕು, ಅದರ ಕಿಟಕಿ ಯಾವ ಕಡೆ ತೆರೆಯಬೇಕು ಎಂದು ನಕ್ಷೆ ಬರೆಯುವ ಮೊದಲೇ ಅವರನ್ನು ಕೇಳುವುದು.

ಬಾಹುಬಲಿಯ ಪಾದದವರೆಗೆ ಬರಲಾಗದವರ ಭಕ್ತಿ ಕಡಿಮೆಯೆಂದು ಯಾರೂ ಹೇಳುವುದಿಲ್ಲ. ಆದರೆ ತಾನೇ ಹುಟ್ಟಿ ಬೆಳೆದ ಬೀದಿಯ ಬಸದಿಗೆ ಮೂರು ಮೆಟ್ಟಿಲಿನ ಕಾರಣದಿಂದ ಬರಲಾಗದವರಿದ್ದರೆ, ಅದು ಅವರ ಮುಪ್ಪಿನ ಹೆಸರಿಗೆ ಬರೆಯಬೇಕಾದ ಖರ್ಚಲ್ಲ. ಅದು ಮಂಡಳಿಯ ಹೆಸರಿನಲ್ಲಿರುವ ಬಾಕಿ. ವೈಯಾವೃತ್ತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಪರಂಪರೆಯ ವಾರಸುದಾರರು ಆ ಬಾಕಿಯನ್ನು ಮುಂದಿನ ವರ್ಷದ ಲೆಕ್ಕಕ್ಕೆ ತಳ್ಳದೆ, ಈ ವರ್ಷವೇ ತೀರಿಸುವ ಮನಸ್ಸು ಮಾಡಬೇಕಾಗಿದೆ.